ಪ್ರಶ್ನೋತ್ತರ: ಟರ್ಮಿನಲ್‌ನಲ್ಲೇ ಸಿಗುವ ಸಹಾಯ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಮಾಂಡ್ ಲೈನ್‌ನಲ್ಲಿ ಸಹಾಯ ಪಡೆಯುವುದಕ್ಕೆ ಸಂಬಂಧಿಸಿದವಾದ್ದರಿಂದ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡ್‌ಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಅಕ್ಷರಗಳಲ್ಲಿ ಅಚ್ಚು ಮಾಡಲಾಗಿದೆ. ಟೈಪ್ ಮಾಡುವಾಗ, ಬೇರೆ ರೀತಿ ಹೇಳದಿದ್ದಲ್ಲಿ, ಅವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿರಬೇಕು. ಕಾಗುಣಿತದಲ್ಲಿ ಗೊಂದಲವಾಗಬಹುದಾದಲ್ಲಿ ಅಕ್ಷರಗಳನ್ನು ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿನಿ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಇದೆ. ಯಾವ ಕಮಾಂಡಿನ ‘ಮ್ಯಾನ್’ ಪುಟ (ಟರ್ಮಿನಲ್‌ನಲ್ಲೇ ತೆರೆಯುವ ಕೈಪಿಡಿಯ ಪುಟ) ತೆರೆದರೂ ಪರದೆ ತುಂಬಿ ಹರಿಯುವಷ್ಟು ವಿವರ ಬರುತ್ತದೆ. ಬೇಕಾದ ಒಂದು ಉದಾಹರಣೆ ಮಾತ್ರ ಸಿಗುವುದಿಲ್ಲ. ‘ಟಿಎಲ್‌ಡಿಆರ್’ ಹಾಕಿಕೊಳ್ಳಲು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದರು. ಹುಡುಕಿದರೆ ಆ ಹೆಸರಿಗೆ ಹಲವು ಪ್ಯಾಕೇಜುಗಳು ಕಾಣಿಸುತ್ತವೆ. ಯಾವುದನ್ನು ಅಳವಡಿಸಿಕೊಳ್ಳಬೇಕು, ಹೇಗೆ? (ಹಾಸನ)

ಉತ್ತರ: ಮೊದಲು ಒಂದು ವಿಷಯವನ್ನು ಬೇರ್ಪಡಿಸಿ ನೋಡಿದರೆ ನಿಮ್ಮ ಗೊಂದಲದ ಅರ್ಧಭಾಗ ತಿಳಿಯಾಗುತ್ತದೆ. ‘ಟಿಎಲ್‌ಡಿಆರ್ ಪೇಜಸ್’ ಎಂಬುದು 2013ರ ಡಿಸೆಂಬರ್‌ನಲ್ಲಿ ಆರಂಭವಾದ, ಕಮಾಂಡ್‌ಗಳ ಬಳಕೆಯನ್ನು ಚಿಕ್ಕ ಉದಾಹರಣೆಗಳಲ್ಲಿ ತೋರಿಸುವ, ಸ್ವಯಂಸೇವಕರು ಸೇರಿ ಬರೆಯುತ್ತಿರುವ ಪುಟಗಳ ಸಂಗ್ರಹ. ಆ ಪುಟಗಳನ್ನು ನಿಮ್ಮ ಗಣಕಕ್ಕೆ ಇಳಿಸಿಕೊಂಡು ಟರ್ಮಿನಲ್‌ನಲ್ಲಿ ತೋರಿಸುವ ಪ್ರೋಗ್ರಾಂ ಬೇರೆ. ಅದನ್ನು ಕ್ಲೈಂಟ್ ಎನ್ನುತ್ತಾರೆ. ಪುಟಗಳ ಸಂಗ್ರಹ ಒಂದೇ, ಕ್ಲೈಂಟ್‌ಗಳು ಹಲವು. ಪೈಥಾನ್‌ನಲ್ಲಿ ಬರೆದದ್ದು ಒಂದು, ನೋಡ್ ಜೆಎಸ್‌ನಲ್ಲಿ ಬರೆದದ್ದು ಇನ್ನೊಂದು, ರಸ್ಟ್ ಭಾಷೆಯಲ್ಲಿ ಬರೆದ ‘ಟೀಲ್‌ಡಿಯರ್’ ಮತ್ತು ‘ಟಿಎಲ್‌ಆರ್‌ಸಿ’ ಮತ್ತೆರಡು. ಯಾವುದನ್ನು ಹಾಕಿಕೊಂಡರೂ ಟೈಪ್ ಮಾಡಬೇಕಾದ ಕಮಾಂಡ್ ‘ಟಿಎಲ್‌ಡಿಆರ್’ ಎಂದೇ ಇರುವುದರಿಂದ ನಿಮಗೆ ಒಂದೇ ಹೆಸರಿನ ಹಲವು ಪ್ಯಾಕೇಜುಗಳು ಇರುವಂತೆ ತೋರಿದೆ.

ನಿಮಗೆ ನನ್ನ ಸಲಹೆ ಟೀಲ್‌ಡಿಯರ್. ಅದರ ಅಕ್ಷರಗಳು ಟಿ, ಇ, ಎ, ಎಲ್, ಡಿ, ಇ, ಇ, ಆರ್. ಅದು ವೇಗವಾಗಿ ತೆರೆಯುತ್ತದೆ, ನೆಟ್ ಇಲ್ಲದಾಗಲೂ ಕೆಲಸ ಮಾಡುತ್ತದೆ, ನಿಮ್ಮದೇ ಟಿಪ್ಪಣಿಗಳನ್ನು ಸೇರಿಸಲು ಅವಕಾಶ ಕೊಡುತ್ತದೆ. ಡೆಬಿಯನ್ 12 ಹಾಗೂ ಉಬುಂಟು 24.04ರ ಭಂಡಾರದಲ್ಲೇ ಅದು ಇರುವುದರಿಂದ ‘ಸುಡೋ ಆಪ್ಟ್ ಇನ್‌ಸ್ಟಾಲ್ ಟೀಲ್‌ಡಿಯರ್’ ಎಂಬ ಒಂದು ಸಾಲು ಸಾಕು. ಫೆಡೋರಾದಲ್ಲಿ ‘ಡಿಎನ್‌ಎಫ್’, ಆರ್ಚ್‌ನಲ್ಲಿ ‘ಪ್ಯಾಕ್‌ಮ್ಯಾನ್’ ಮೂಲಕ ಇದೇ ಹೆಸರಿನಲ್ಲಿ ಸಿಗುತ್ತದೆ. ಮ್ಯಾಕ್ ಬಳಸುವವರು ಹೋಮ್‌ಬ್ರೂ ಮೂಲಕ ‘ಬ್ರೂ ಇನ್‌ಸ್ಟಾಲ್ ಟಿಎಲ್‌ಆರ್‌ಸಿ’ ಎಂದು ಕೊಡಬಹುದು.

ಪೈಥಾನ್ ಕ್ಲೈಂಟ್ ಬೇಕೆನ್ನುವವರು ‘ಪಿಪ್ ಇನ್‌ಸ್ಟಾಲ್’ ಎಂದು ನೇರವಾಗಿ ಕೊಟ್ಟರೆ ಈಚಿನ ಡೆಬಿಯನ್ ಮತ್ತು ಉಬುಂಟುಗಳು, ಪೈಥಾನ್ ಪರಿಸರವನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತಿದೆ ಎಂಬ ದೋಷಸಂದೇಶ ನೀಡಿ ನಿರಾಕರಿಸುತ್ತವೆ. ಆ ತಡೆಯನ್ನು ಬಲವಂತದಿಂದ ಮೀರುವ ಆಯ್ಕೆಯೂ ಉಂಟು, ಆದರೆ ದಯವಿಟ್ಟು ಅದಕ್ಕೆ ಕೈಹಾಕಬೇಡಿ. ‘ಪಿಪ್‌ಎಕ್ಸ್ ಇನ್‌ಸ್ಟಾಲ್ ಟಿಎಲ್‌ಡಿಆರ್’ ಎಂದರೆ ಅದು ತನ್ನದೇ ಪ್ರತ್ಯೇಕ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಅನಂತರ ‘ಪಿಪ್‌ಎಕ್ಸ್ ಎನ್ಶೂರ್‌ಪಾತ್’ ಓಡಿಸಿ, ಟರ್ಮಿನಲ್ ಮುಚ್ಚಿ ತೆರೆಯಿರಿ. ಹಾಗೆ ಮಾಡದಿದ್ದರೆ ಪ್ರೋಗ್ರಾಂ ಗಣಕದಲ್ಲಿದ್ದರೂ ಶೆಲ್‌ಗೆ (ನೀವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂಗೆ) ಅದು ಎಲ್ಲಿದೆಯೆಂದು ತಿಳಿಯದೆ ‘ಕಮಾಂಡ್ ನಾಟ್ ಫೌಂಡ್’ ಎನ್ನುತ್ತದೆ. ಮೊದಲೇ ಯಾವುದೋ ಕ್ಲೈಂಟ್ ಹಾಕಿದ್ದೀರೋ ಎಂಬ ಅನುಮಾನವಿದ್ದರೆ ‘ಟೈಪ್ -ಎ ಟಿಎಲ್‌ಡಿಆರ್’ ಎಂದು ಕೇಳಿ. ಆ ಹೆಸರಿನ ಎಲ್ಲ ಪ್ರೋಗ್ರಾಂಗಳ ದಾರಿಯನ್ನೂ ಶೆಲ್ ಸಾಲಾಗಿ ತೋರಿಸುತ್ತದೆ. ಮೊದಲ ಸಾಲಿನಲ್ಲಿರುವುದೇ ಓಡುವಂಥದ್ದು. ಎರಡು ಇದ್ದರೆ ಒಂದನ್ನು ತೆಗೆದುಹಾಕಿ.

ಅಳವಡಿಸಿದ ತಕ್ಷಣ, ಹಲವು ಫೈಲ್‌ಗಳನ್ನು ಒಂದೇ ಕಟ್ಟಾಗಿಸುವ ‘ಟಾರ್’ ಕಮಾಂಡಿನ ಪುಟಕ್ಕಾಗಿ ‘ಟಿಎಲ್‌ಡಿಆರ್ ಟಾರ್’ ಎಂದು ಕೊಟ್ಟರೆ ಪುಟ ಬರುವುದಿಲ್ಲ, ಪುಟಗಳ ಸಂಗ್ರಹ ಕಾಣುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಹೊಸಬರಲ್ಲಿ ಹಲವರು ಇಲ್ಲೇ ಕೈಬಿಡುತ್ತಾರೆ. ಆಪ್ಟ್ ತಂದುಕೊಟ್ಟದ್ದು ಕ್ಲೈಂಟನ್ನು ಮಾತ್ರ. ಪುಟಗಳು ಇನ್ನೂ ಬಂದಿಲ್ಲ. ‘ಟಿಎಲ್‌ಡಿಆರ್ --ಅಪ್‌ಡೇಟ್’ ಎಂದು ಒಮ್ಮೆ ಓಡಿಸಿದರೆ ಪುಟಗಳೆಲ್ಲ ಗಣಕಕ್ಕೆ ಇಳಿಯುತ್ತವೆ. ಆಮೇಲೆ ನೆಟ್ ಬೇಕಿಲ್ಲ.

ಈಗ ಟಾರ್ ಪುಟವನ್ನು ತೆರೆದು ನೋಡಿ. ಮೇಲೆ ಒಂದೆರಡು ಸಾಲಿನ ಪರಿಚಯ, ಕೆಳಗೆ ಒಂದೊಂದೇ ಉದ್ದೇಶ ಮತ್ತು ಅದಕ್ಕೆ ಬೇಕಾದ ಕಮಾಂಡ್. ಒಂದು ಪುಟದಲ್ಲಿ ಎಂಟಕ್ಕಿಂತ ಹೆಚ್ಚು ಉದಾಹರಣೆ ಇರಬಾರದೆಂಬುದು ಆ ಯೋಜನೆಯ ನಿಯಮ. ಮೊದಲ ಉದಾಹರಣೆಯ ವಿವರಣೆಯಲ್ಲಿ ‘ಕ್ರಿಯೇಟ್’ ಎಂಬ ಪದದ ಸಿ ಅಕ್ಷರವೂ ‘ಫೈಲ್’ ಎಂಬ ಪದದ ಎಫ್ ಅಕ್ಷರವೂ ಚೌಕ ಆವರಣದೊಳಗೆ ಇರುವುದನ್ನು ಗಮನಿಸಿ. ಕೆಳಗಿನ ಕಮಾಂಡಿನಲ್ಲಿ ‘ಸಿಎಫ್’ ಏಕೆ ಬಂತೆಂಬುದಕ್ಕೆ ಅದೇ ಉತ್ತರ. ಪರೀಕ್ಷೆಗಾಗಿ ಆಯ್ಕೆಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಚಿಕ್ಕ ಏರ್ಪಾಟನ್ನು ಗಮನಿಸಿದರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ. ಬೇರೆ ಬಣ್ಣದಲ್ಲಿ ಕಾಣುವ ಭಾಗಗಳು ನೀವು ಬದಲಿಸಬೇಕಾದ ಫೈಲ್ ಹೆಸರು ಮತ್ತು ದಾರಿಗಳು. ಅವನ್ನು ಹಾಗೆಯೇ ನಕಲು ಮಾಡಬಾರದು.

ಹಾಗೆಂದು ಮ್ಯಾನ್ ಪುಟಗಳನ್ನು ಬಿಟ್ಟುಬಿಡಬೇಡಿ. ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಬರೆದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಅಂದಿನಿಂದ ಈ ಪದ್ಧತಿ ಉಳಿದುಬಂದಿರುವುದಕ್ಕೆ ಬಲವಾದ ಕಾರಣವಿದೆ: ಪ್ರೋಗ್ರಾಂ ಜೊತೆಗೇ ಬರುವ ಮ್ಯಾನ್ ಪುಟವು ನಿಮ್ಮ ಗಣಕದಲ್ಲಿರುವ ಆವೃತ್ತಿಯ ಬಗ್ಗೆಯೇ ಮಾತನಾಡುತ್ತದೆ. ಟಿಎಲ್‌ಡಿಆರ್ ಪುಟ ಎಲ್ಲರಿಗಾಗಿ ಬರೆದದ್ದು. ಪಠ್ಯವನ್ನು ಬದಲಿಸುವ ‘ಸೆಡ್’ ಕಮಾಂಡಿನಲ್ಲಿ, ಬದಲಾವಣೆಯನ್ನು ಫೈಲಿನೊಳಗೇ ಮಾಡಲು ಕೊಡುವ ‘-ಐ’ ಎಂಬ ಆಯ್ಕೆಯನ್ನೇ ತೆಗೆದುಕೊಳ್ಳಿ. ಲಿನಕ್ಸ್‌ನ ಗ್ನೂ ಸೆಡ್‌ನಲ್ಲಿ ಅದರ ಮುಂದೆ ಏನೂ ಬರೆಯದೆ ಬಿಡಬಹುದು; ಮ್ಯಾಕ್‌ನ ಸೆಡ್‌ನಲ್ಲಿ ಹಳೆಯ ಫೈಲಿನ ಪ್ರತಿಗೆ ಕೊಡಬೇಕಾದ ಬಾಲದ ಹೆಸರನ್ನು, ಕನಿಷ್ಠ ಖಾಲಿ ಉದ್ಧರಣ ಚಿಹ್ನೆಗಳನ್ನಾದರೂ ಕೊಡಲೇಬೇಕು. ಎಲ್ಲಿಂದಲೋ ತಂದ ಉದಾಹರಣೆ ನಿಮ್ಮಲ್ಲಿ ಓಡದಿದ್ದಾಗ ತೀರ್ಪು ಹೇಳುವುದು ನಿಮ್ಮ ಗಣಕದ ಮ್ಯಾನ್ ಪುಟವೇ. ಅದರೊಳಗೆ ಓರೆಗೆರೆ ಒತ್ತಿ ಪದವೊಂದನ್ನು ಟೈಪ್ ಮಾಡಿದರೆ ಹುಡುಕಾಟ, ‘ಎನ್’ ಒತ್ತಿದರೆ ಮುಂದಿನ ಜಾಗ, ‘ಕ್ಯು’ ಒತ್ತಿದರೆ ಹೊರಗೆ. ಇಷ್ಟು ಗೊತ್ತಿದ್ದರೆ ಪುಟದ ಉದ್ದ ಯಾರನ್ನೂ ಹೆದರಿಸುವುದಿಲ್ಲ.

ಪ್ರಶ್ನೆ: ‘ಮ್ಯಾನ್ ಸಿಡಿ’ ಎಂದರೆ ಅಂಥ ಪುಟವೇ ಇಲ್ಲ ಎನ್ನುತ್ತದೆ. ಇಷ್ಟು ಸಾಮಾನ್ಯ ಕಮಾಂಡಿಗೆ ಪುಟ ಇಲ್ಲದಿರುವುದೇಕೆ? ನನ್ನ ಅಳವಡಿಕೆಯಲ್ಲಿ ದೋಷವಿದೆಯೇ? (ಬಳ್ಳಾರಿ)

ಉತ್ತರ: ದೋಷವಿಲ್ಲ. ‘ಸಿಡಿ’ ಎಂಬುದು ಪ್ರತ್ಯೇಕ ಪ್ರೋಗ್ರಾಂ ಅಲ್ಲ, ಬ್ಯಾಶ್ ಶೆಲ್‌ನ ಒಳಗೇ ಇರುವ ಕಮಾಂಡ್. ಪ್ರತ್ಯೇಕ ಪ್ರೋಗ್ರಾಂ ಆಗಿದ್ದರೆ ಅದು ತನ್ನ ಫೋಲ್ಡರನ್ನು ಬದಲಿಸಿಕೊಂಡು ಮುಗಿದುಹೋಗುತ್ತಿತ್ತೇ ವಿನಾ ನಿಮ್ಮ ಶೆಲ್ ಇದ್ದಲ್ಲೇ ಉಳಿಯುತ್ತಿತ್ತು. ಒಳಗಿನ ಕಮಾಂಡ್‌ಗಳಿಗೆ ‘ಹೆಲ್ಪ್ ಸಿಡಿ’ ಎಂದು ಕೇಳಬೇಕು. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ತಿಳಿಯಲು ‘ಟೈಪ್ ಸಿಡಿ’ ಎನ್ನಿ. ‘ಎಕ್ಸ್‌ಪೋರ್ಟ್’, ‘ಏಲಿಯಸ್’, ‘ರೀಡ್’ ಮುಂತಾದವೂ ಇದೇ ಗುಂಪಿಗೆ ಸೇರುತ್ತವೆ. ಟಿಎಲ್‌ಡಿಆರ್ ಪುಟಗಳಲ್ಲಿ ಈ ಒಳ-ಹೊರಗಿನ ಭೇದವಿಲ್ಲ. ಸಿಡಿಗೂ ಅಲ್ಲಿ ಪುಟವಿದೆ.

ಪ್ರಶ್ನೆ: ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಪ್ರಾಯೋಗಿಕ ಪರೀಕ್ಷೆಯ ವೇಳೆ ಲ್ಯಾಬಿನ ಗಣಕಗಳಿಗೆ ನೆಟ್ ಸಂಪರ್ಕ ಇರುವುದಿಲ್ಲ, ಉಳಿದ ದಿನಗಳಲ್ಲೂ ನಿಧಾನ. ಟೀಲ್‌ಡಿಯರ್ ಹಾಕಿದ್ದೇವೆ. ಪ್ರತಿ ವಿದ್ಯಾರ್ಥಿಯ ಲಾಗಿನ್‌ನಲ್ಲೂ ಪುಟಗಳನ್ನು ಬೇರೆ ಬೇರೆಯಾಗಿ ಇಳಿಸಬೇಕಾಗಿದೆ. ಎಲ್ಲರಿಗೂ ಒಂದೇ ಸಂಗ್ರಹ ಇಡಲು, ನಮ್ಮ ಲ್ಯಾಬಿನ ಟಿಪ್ಪಣಿಗಳನ್ನೂ ಸೇರಿಸಲು ಸಾಧ್ಯವೇ? (ಗದಗ)

ಉತ್ತರ: ಎರಡೂ ಸಾಧ್ಯ, ಮತ್ತು ಇದು ನನಗೆ ಬಹಳ ಮೆಚ್ಚುಗೆಯಾದ ಪ್ರಶ್ನೆ. ಸಹಾಯದ ಪುಟ ನೆಟ್‌ನ ಆಚೆ ಇರದೆ ಗಣಕದೊಳಗೇ ಇರಬೇಕೆಂಬುದಕ್ಕೆ ನಿಮ್ಮ ಲ್ಯಾಬಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೊದಲು ‘ಟಿಎಲ್‌ಡಿಆರ್ --ಶೋ-ಪಾತ್ಸ್’ ಎಂದು ಕೊಡಿ. ಕಾನ್ಫಿಗರೇಶನ್ ಫೈಲ್ ಎಲ್ಲಿದೆ, ಇಳಿಸಿದ ಪುಟಗಳು ಎಲ್ಲಿವೆ, ಸ್ವಂತ ಪುಟಗಳ ಜಾಗ ಯಾವುದು ಎಂಬುದೆಲ್ಲ ಒಟ್ಟಿಗೆ ಕಾಣುತ್ತದೆ. ಬಳಿಕ ‘ಟಿಎಲ್‌ಡಿಆರ್ --ಸೀಡ್-ಕಾನ್ಫಿಗ್’ ಎಂದರೆ ಪೂರ್ವನಿಯೋಜಿತ ಮೌಲ್ಯಗಳಿರುವ ಕಾನ್ಫಿಗರೇಶನ್ ಫೈಲ್ ಸೃಷ್ಟಿಯಾಗುತ್ತದೆ. ಲಿನಕ್ಸ್‌ನಲ್ಲಿ ಅದು ಹೋಮ್ ಫೋಲ್ಡರಿನ ‘.ಕಾನ್ಫಿಗ್’ ಒಳಗೆ, ಟೀಲ್‌ಡಿಯರ್ ಹೆಸರಿನ ಫೋಲ್ಡರ್‌ನಲ್ಲಿರುತ್ತದೆ. ಅದು ಟಾಮಲ್ ಮಾದರಿಯ ಪಠ್ಯ ಫೈಲ್. ಚೌಕ ಆವರಣದಲ್ಲಿ ವಿಭಾಗದ ಹೆಸರು, ಅದರ ಕೆಳಗೆ ಹೆಸರು-ಮೌಲ್ಯಗಳ ಸಾಲುಗಳು. ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು ಬಗೆಯದು: ಹೌದು-ಅಲ್ಲಗಳಿಗೆ ಬರೆಯುವ ‘ಟ್ರೂ’, ‘ಫಾಲ್ಸ್’ ಪದಗಳಿಗೆ ಉದ್ಧರಣ ಚಿಹ್ನೆ ಹಾಕುವುದು, ಮತ್ತು ಫೋಲ್ಡರಿನ ದಾರಿಗೆ ಅದನ್ನು ಹಾಕದಿರುವುದು. ಎರಡೂ ತಿರುಗುಮುರುಗಾಗಿರಬೇಕು.

‘ಡೈರೆಕ್ಟರೀಸ್’ ಎಂಬ ವಿಭಾಗದಲ್ಲಿ ‘ಕ್ಯಾಶ್_ಡಿರ್’ (ಕ್ಯಾಶ್‌ನ ಅಕ್ಷರಗಳು ಸಿ, ಎ, ಸಿ, ಎಚ್, ಇ) ಎಂಬ ಸಾಲು ಸೇರಿಸಿ, ಎಲ್ಲ ಬಳಕೆದಾರರೂ ಓದಬಹುದಾದ ಒಂದು ಫೋಲ್ಡರಿನ ಪೂರ್ಣ ದಾರಿಯನ್ನು ಬರೆಯಿರಿ. ಹಳೆಯ ಆವೃತ್ತಿಗಳಲ್ಲಿ ಈ ಸಾಲಿಗೆ ಬೆಂಬಲವಿಲ್ಲ. ಡೆಬಿಯನ್ 12ರಂಥ ವ್ಯವಸ್ಥೆಗಳಲ್ಲಿ ಮೊದಲು ‘ಟಿಎಲ್‌ಡಿಆರ್ --ವರ್ಶನ್’ ನೋಡಿಕೊಳ್ಳಿ. ಪುಟಗಳನ್ನು ನವೀಕರಿಸುವ ಅಧಿಕಾರ ನಿಮ್ಮ ಖಾತೆಗೆ ಮಾತ್ರ ಇರಲಿ. ವಿದ್ಯಾರ್ಥಿಗಳಿಗೆ ಓದುವ ಅನುಮತಿ ಸಾಕು. ಇದೇ ಕಾನ್ಫಿಗರೇಶನ್ ಫೈಲ್ ಎಲ್ಲರಿಗೂ ಅನ್ವಯಿಸಬೇಕಾದರೆ ಅದನ್ನು ಒಂದು ಸಾಮಾನ್ಯ ಜಾಗದಲ್ಲಿಟ್ಟು, ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯುವ ‘ಟೀಲ್‌ಡಿಯರ್_ಕಾನ್ಫಿಗ್_ಡಿರ್’ ಎಂಬ ಪರಿಸರ ಚಲಕಕ್ಕೆ (ಎನ್ವಿರಾನ್‌ಮೆಂಟ್ ವೇರಿಯಬಲ್) ಆ ಫೋಲ್ಡರಿನ ದಾರಿಯನ್ನು ಕೊಡಿ. ಈ ಸಾಲು ‘/ಇಟಿಸಿ/ಪ್ರೊಫೈಲ್.ಡಿ’ ಒಳಗಿನ ಒಂದು ಚಿಕ್ಕ ಫೈಲಿನಲ್ಲಿದ್ದರೆ, ಲಾಗಿನ್ ಶೆಲ್ ತೆರೆದಾಗ ತಾನಾಗಿ ಜಾರಿಗೆ ಬರುತ್ತದೆ.

ನವೀಕರಣದ ವಿಷಯಕ್ಕೆ ಬಂದರೆ, ‘ಅಪ್‌ಡೇಟ್ಸ್’ ವಿಭಾಗದಲ್ಲಿ ‘ಆಟೋ_ಅಪ್‌ಡೇಟ್’ ಎಂಬ ಸಾಲಿದೆ, ಎಷ್ಟು ಗಂಟೆಗೊಮ್ಮೆ ಎಂಬುದಕ್ಕೆ ಇನ್ನೊಂದು ಸಾಲಿದೆ. ಅದರ ಪೂರ್ವನಿಯೋಜಿತ ಮೌಲ್ಯ 720, ಅಂದರೆ 30 ದಿನ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಇದನ್ನು ‘ಟ್ರೂ’ ಮಾಡಿಕೊಳ್ಳುವುದು ಒಳ್ಳೆಯದು. ನಿಮ್ಮ ಲ್ಯಾಬಿನಲ್ಲಿ ಮಾತ್ರ ಬೇಡ. ಸ್ವಯಂ ನವೀಕರಣ ನಡೆಯುವುದು ಯಾರಾದರೂ ಕಮಾಂಡ್ ಓಡಿಸಿದ ಕ್ಷಣದಲ್ಲಿ. ಆಗ ನೆಟ್ ನಿಧಾನವಿದ್ದರೆ ಒಂದು ಉದಾಹರಣೆಗಾಗಿ ವಿದ್ಯಾರ್ಥಿ ಕಾಯುತ್ತ ಕೂರಬೇಕಾಗುತ್ತದೆ, ನೆಟ್ ಇಲ್ಲದಿದ್ದರೆ ದೋಷಸಂದೇಶವನ್ನು ನೋಡಬೇಕಾಗುತ್ತದೆ. ಅದರ ಬದಲು ತಿಂಗಳಿಗೊಮ್ಮೆ ನೀವೇ ಒಂದು ಗಣಕದಲ್ಲಿ ನವೀಕರಿಸಿ, ಪುಟಗಳ ಫೋಲ್ಡರನ್ನು ಪೆನ್‌ಡ್ರೈವ್ ಮೂಲಕವೋ ಲ್ಯಾಬಿನ ಒಳಜಾಲದ ಮೂಲಕವೋ ಉಳಿದ ಗಣಕಗಳಿಗೆ ನಕಲಿಸಿದರೆ ಸಾಕು. ಸಂಗ್ರಹ 30 ದಿನಕ್ಕಿಂತ ಹಳೆಯದಾದರೆ ಟೀಲ್‌ಡಿಯರ್ ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತದೆ, ಪುಟವನ್ನೂ ತೋರಿಸುತ್ತದೆ, ಅದರಿಂದ ತೊಂದರೆಯೇನಿಲ್ಲ.

ಇನ್ನು ಲ್ಯಾಬಿನ ಸ್ವಂತ ಟಿಪ್ಪಣಿಗಳು. ಅದೇ ‘ಡೈರೆಕ್ಟರೀಸ್’ ವಿಭಾಗದಲ್ಲಿ ‘ಕಸ್ಟಮ್_ಪೇಜಸ್_ಡಿರ್’ ಎಂಬ ಸಾಲಿಗೆ ಒಂದು ಫೋಲ್ಡರ್ ತೋರಿಸಿ. ಅದರೊಳಗೆ ಎರಡು ಬಗೆಯ ಫೈಲ್ ಇಡಬಹುದು. ಕಮಾಂಡಿನ ಹೆಸರಿನ ಕೊನೆಗೆ ‘.ಪೇಜ್.ಎಂಡಿ’ ಎಂದಿರುವ ಫೈಲ್ ಮೂಲ ಪುಟದ ಜಾಗದಲ್ಲಿ ತಾನು ಬರುತ್ತದೆ; ‘.ಪ್ಯಾಚ್.ಎಂಡಿ’ ಎಂದಿರುವುದು ಮೂಲ ಪುಟದ ಕೊನೆಗೆ ಸೇರಿಕೊಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಕೊನೆಯ ‘.ಎಂಡಿ’ ಇರಲಿಲ್ಲವಾದ್ದರಿಂದ, ಬರೆದ ಪುಟ ಕಾಣಿಸದಿದ್ದರೆ ಅದಿಲ್ಲದೆ ಪ್ರಯತ್ನಿಸಿ. ನಿಮಗೆ ಪ್ಯಾಚ್ ಬಗೆಯೇ ಸೂಕ್ತ, ಏಕೆಂದರೆ ಮೂಲ ಪುಟ ನವೀಕರಣಗೊಳ್ಳುತ್ತಲೇ ಇರುತ್ತದೆ, ನಿಮ್ಮ ಟಿಪ್ಪಣಿಯೂ ಉಳಿಯುತ್ತದೆ. ಬರೆಯುವ ಕ್ರಮ ಸರಳ: ಉದ್ದೇಶವನ್ನು ಹೇಳುವ ಸಾಲು ಅಡ್ಡಗೆರೆಯಿಂದ ಆರಂಭವಾಗಿ ವಿವರಣಾ ಚಿಹ್ನೆಯಿಂದ (ಕೋಲನ್) ಮುಗಿಯಬೇಕು, ಒಂದು ಖಾಲಿ ಸಾಲಿನ ನಂತರ ಕಮಾಂಡ್ ಹಿಮ್ಮುಖ ಉದ್ಧರಣ ಚಿಹ್ನೆಗಳ ನಡುವೆ ಬರಬೇಕು, ಬಳಕೆದಾರರು ತುಂಬಬೇಕಾದ ಭಾಗ ಜೋಡಿ ಪುಷ್ಪಾವರಣದಲ್ಲಿರಬೇಕು. ಲ್ಯಾಬಿನ ಪ್ರಿಂಟರಿಗೆ ಕಡತ ಕಳುಹಿಸುವ ರೀತಿ, ಅಸೈನ್‌ಮೆಂಟ್ ಒಪ್ಪಿಸುವ ಸರ್ವರ್‌ಗೆ ನಕಲಿಸುವ ರೀತಿ ಇಂಥವನ್ನು ಹೀಗೆ ಬರೆದಿಟ್ಟರೆ ಗೋಡೆಗೆ ಅಂಟಿಸಿದ ಚೀಟಿಗಿಂತ ಹೆಚ್ಚು ಉಪಯೋಗವಾಗುತ್ತದೆ.

ಪ್ರಶ್ನೆ: ಈ ಸಹಾಯದ ಪುಟಗಳನ್ನು ಕನ್ನಡದಲ್ಲಿ ಓದಲು ಸಾಧ್ಯವೇ? (ಪುತ್ತೂರು)

ಉತ್ತರ: ವ್ಯವಸ್ಥೆ ಇದೆ. ಟಿಎಲ್‌ಡಿಆರ್ ಯೋಜನೆಯಲ್ಲಿ ಅನುವಾದಗಳನ್ನು ಭಾಷಾಸಂಕೇತದ ಹೆಸರಿನ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಡುತ್ತಾರೆ. ಕನ್ನಡದ ಸಂಕೇತ ‘ಕೆಎನ್’. ‘ಟಿಎಲ್‌ಡಿಆರ್ --ಲ್ಯಾಂಗ್ವೇಜ್ ಕೆಎನ್ ಎಲ್‌ಎಸ್’ ಎಂದು ಕೊಟ್ಟರೆ ಆ ಒಂದು ಪುಟವನ್ನು ಕನ್ನಡದಲ್ಲಿ ಹುಡುಕುತ್ತದೆ. ಗಣಕದ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿಕೊಂಡವರಲ್ಲಿ ಕ್ಲೈಂಟ್ ಮೊದಲು ಕನ್ನಡದ ಪುಟವನ್ನು ಹುಡುಕಿ, ಸಿಗದಿದ್ದರೆ ತಾನಾಗಿ ಇಂಗ್ಲಿಷ್ ಪುಟವನ್ನು ತೋರಿಸುತ್ತದೆ. ಆದ್ದರಿಂದ ಕನ್ನಡಕ್ಕೆ ಹೊಂದಿಸಿಕೊಂಡರೆ ಏನೋ ಕಳೆದುಕೊಳ್ಳುತ್ತೇವೆ ಎಂಬ ಭಯ ಬೇಡ. ಅನುವಾದವಿಲ್ಲದ ಪುಟವನ್ನು ಯಾರು ಬೇಕಾದರೂ ಅನುವಾದಿಸಿ ಯೋಜನೆಗೆ ಕಳುಹಿಸಬಹುದು. ಪುಟವೊಂದರಲ್ಲಿ ಹೆಚ್ಚೆಂದರೆ ಎಂಟು ಉದಾಹರಣೆಗಳು, ಎಲ್ಲವೂ ಚಿಕ್ಕ ವಾಕ್ಯಗಳು. ತಂತ್ರಾಂಶ ಅನುವಾದಕ್ಕೆ ಕೈಹಾಕಬೇಕೆಂದಿರುವ ಕನ್ನಡಿಗರಿಗೆ ಇದಕ್ಕಿಂತ ಹಗುರವಾದ ಆರಂಭ ಸಿಗುವುದು ಕಷ್ಟ, ಮತ್ತು ಅದರ ಫಲ ಊರಿನ ಕಾಲೇಜಿನಲ್ಲಿ ಕಲಿಯುತ್ತಿರುವ ಮಕ್ಕಳಿಗೆ ನೇರವಾಗಿ ತಲುಪುತ್ತದೆ. ಪುತ್ತೂರಿನಿಂದಲೇ ಇದು ಆರಂಭವಾಗಲಿ ಎಂದು ಮನಸಾರೆ ಬಯಸುತ್ತೇನೆ.

ಒಂದು ತೊಡಕನ್ನು ಮಾತ್ರ ತಿಳಿದಿರಬೇಕು. ಟರ್ಮಿನಲ್ ತನ್ನ ಪರದೆಯನ್ನು ಒಂದೇ ಅಗಲದ ಚೌಕಗಳಾಗಿ ಹಂಚಿಕೊಂಡು ಒಂದೊಂದರಲ್ಲಿ ಒಂದೊಂದು ಅಕ್ಷರ ಇಡುತ್ತದೆ. ಇಂಗ್ಲಿಷಿಗೆ ಇದು ಒಗ್ಗುತ್ತದೆ. ಒತ್ತಕ್ಷರ ಕೆಳಗೆ ಇಳಿಯುವ, ಸ್ವರಚಿಹ್ನೆಯೊಡನೆ ಅಗಲ ಬದಲಾಗುವ ಕನ್ನಡಕ್ಕೆ ಒಗ್ಗುವುದಿಲ್ಲ. ಹಾಗಾಗಿ ‘ಕಾರ್ಯಕ್ಷೇತ್ರ’ದಂಥ ಪದ ಹಲವು ಟರ್ಮಿನಲ್‌ಗಳಲ್ಲಿ ಒಡೆದು ಕಾಣಬಹುದು. ಫಾಂಟ್ ಬದಲಿಸಿದರೆ ಸ್ವಲ್ಪ ಸುಧಾರಿಸೀತು, ಪೂರ್ತಿ ಸರಿಹೋಗದು. ಪುಟವನ್ನು ಫೈಲಿಗೆ ತಿರುಗಿಸಿ ಪಠ್ಯ ಸಂಪಾದಕದಲ್ಲಿ ತೆರೆದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ.

ಪ್ರಶ್ನೆ: ಕಚೇರಿಯ ವಿಂಡೋಸ್ ಗಣಕದಲ್ಲಿ ಹೊರಗಿನ ಪ್ರೋಗ್ರಾಂ ಹಾಕಲು ಅನುಮತಿಯಿಲ್ಲ. ಪವರ್‌ಶೆಲ್‌ನಲ್ಲಿ ಇಂಥ ಸಹಾಯವಿದೆಯೇ? (ಬೆಂಗಳೂರು)

ಉತ್ತರ: ಇದೆ. ‘ಗೆಟ್-ಹೆಲ್ಪ್’ ಎಂದು ಬರೆದು ಮುಂದೆ ಕಮಾಂಡಿನ ಹೆಸರು, ಕೊನೆಗೆ ‘-ಎಕ್ಸಾಂಪಲ್ಸ್’ ಸೇರಿಸಿದರೆ ಉದಾಹರಣೆಗಳಷ್ಟೇ ಬರುತ್ತವೆ. ಆದರೆ ಪವರ್‌ಶೆಲ್ 3ರಿಂದೀಚೆಗೆ ಸಹಾಯದ ಫೈಲ್‌ಗಳು ವಿಂಡೋಸ್ ಜೊತೆ ಬರುವುದಿಲ್ಲ. ‘ಅಪ್‌ಡೇಟ್-ಹೆಲ್ಪ್’ ಓಡಿಸಿ ತರಿಸಿಕೊಳ್ಳಬೇಕು. ವಿಂಡೋಸ್‌ನೊಂದಿಗೆ ಬರುವ 5.1 ಆವೃತ್ತಿಯಲ್ಲಿ ಅದಕ್ಕೆ ಆಡಳಿತಗಾರರ ಅನುಮತಿ ಬೇಕು. ನೆಟ್ ಇಲ್ಲದ ಗಣಕಗಳಿಗೆ ಇನ್ನೊಂದು ಗಣಕದಲ್ಲಿ ‘ಸೇವ್-ಹೆಲ್ಪ್’ ಮೂಲಕ ಉಳಿಸಿಟ್ಟು ತಂದು ಹಾಕಲು ಬರುತ್ತದೆ.

ಪ್ರಶ್ನೆ: ಡಾಕರ್‌ನ ಉಬುಂಟು ಕಂಟೇನರ್‌ನಲ್ಲಿ (ಗಣಕದೊಳಗೇ ಪ್ರತ್ಯೇಕವಾಗಿ ಓಡುವ ಪುಟ್ಟ ವ್ಯವಸ್ಥೆಯಲ್ಲಿ) ಮ್ಯಾನ್ ಕೇಳಿದರೆ, ವ್ಯವಸ್ಥೆಯನ್ನು ಕಿರಿದುಗೊಳಿಸಲಾಗಿದೆ ಎಂಬ ಸಂದೇಶ ಬರುತ್ತದೆ. (ಮೈಸೂರು)

ಉತ್ತರ: ಗಾತ್ರ ಕಡಿಮೆ ಮಾಡಲು, ಕಂಟೇನರ್ ತಯಾರಾಗುವ ಮೂಲ ಇಮೇಜ್‌ಗಳಿಂದ ಮ್ಯಾನ್ ಪುಟಗಳನ್ನು ತೆಗೆದಿರುತ್ತಾರೆ, ಮುಂದೆ ಅಳವಡಿಸುವ ಪ್ಯಾಕೇಜುಗಳ ಪುಟಗಳೂ ಬರದಂತೆ, ಪ್ಯಾಕೇಜುಗಳನ್ನು ಅಳವಡಿಸುವ ಡಿಪಿಕೆಜಿಯ ಕಾನ್ಫಿಗರೇಶನ್‌ನಲ್ಲಿ ತಡೆ ಹಾಕಿರುತ್ತಾರೆ. ‘ಅನ್‌ಮಿನಿಮೈಸ್’ ಎಂಬ ಕಮಾಂಡ್ ಆ ತಡೆಯನ್ನು ತೆಗೆದು ಪುಟಗಳನ್ನು ಮರಳಿ ತರುತ್ತದೆ. ಹೊಸ ಆವೃತ್ತಿಗಳಲ್ಲಿ ಅದೇ ಹೆಸರಿನ ಪ್ಯಾಕೇಜನ್ನು ಮೊದಲು ಹಾಕಿಕೊಳ್ಳಬೇಕಾಗಬಹುದು. ‘ಮ್ಯಾನ್-ಡಿಬಿ’ ಪ್ಯಾಕೇಜ್ ಕೂಡ ಇರಬೇಕು. ಆದರೆ ಕಂಟೇನರ್ ಹಗುರವಾಗಿರುವುದೇ ಒಳ್ಳೆಯದು. ಸಹಾಯದ ಪುಟಗಳನ್ನು ನಿಮ್ಮ ಮೂಲ ಗಣಕದಲ್ಲಿಟ್ಟುಕೊಂಡು ಅಲ್ಲೇ ಓದಿ.

ಪ್ರಶ್ನೆ: ಕಮಾಂಡಿನ ಹೆಸರೇ ಗೊತ್ತಿಲ್ಲದಿದ್ದರೆ ಹುಡುಕುವುದು ಹೇಗೆ? (ಚಿಕ್ಕಮಗಳೂರು)

ಉತ್ತರ: ‘ಮ್ಯಾನ್ -ಕೆ’ ಎಂದು ಬರೆದು ವಿಷಯಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದವೊಂದನ್ನು ಕೊಡಿ, ಪುಟಗಳ ಹೆಸರು ಮತ್ತು ಒಂದು ಸಾಲಿನ ವಿವರಣೆಗಳಲ್ಲಿ ಅದನ್ನು ಹುಡುಕಿ ಪಟ್ಟಿ ಕೊಡುತ್ತದೆ. ‘ಏಪ್ರೊಪೋ’ (ಅಕ್ಷರಗಳು ಎ, ಪಿ, ಆರ್, ಒ, ಪಿ, ಒ, ಎಸ್) ಎಂಬ ಕಮಾಂಡೂ ಇದೇ ಕೆಲಸ ಮಾಡುತ್ತದೆ. ಏನು ಕೇಳಿದರೂ ಸೂಕ್ತವಾದದ್ದಿಲ್ಲ ಎಂದೇ ಉತ್ತರಿಸಿದರೆ ಸೂಚಿ ಸಿದ್ಧವಾಗಿಲ್ಲ ಎಂದರ್ಥ; ‘ಸುಡೋ ಮ್ಯಾನ್‌ಡಿಬಿ’ ಓಡಿಸಿ. ಪಟ್ಟಿಯಲ್ಲಿ ಹೆಸರಿನ ಪಕ್ಕ ಕಾಣುವ ಅಂಕಿ ಕೈಪಿಡಿಯ ವಿಭಾಗವನ್ನು ಸೂಚಿಸುತ್ತದೆ: 1 ಎಂದರೆ ಕಮಾಂಡ್‌ಗಳು, 5 ಎಂದರೆ ಫೈಲ್‌ಗಳ ರಚನೆ, 8 ಎಂದರೆ ಆಡಳಿತಕ್ಕೆ ಬೇಕಾದವು. ನಿಗದಿತ ವೇಳೆಗೆ ಕೆಲಸಗಳು ತಾವಾಗಿ ಓಡುವಂತೆ ಮಾಡುವ ಕ್ರಾನ್‌ಟ್ಯಾಬ್‌ಗೆ ‘ಮ್ಯಾನ್ ಕ್ರಾನ್‌ಟ್ಯಾಬ್’ ಎಂದರೆ ಕಮಾಂಡಿನ ಪುಟ ಬರುತ್ತದೆ, ಅದರಲ್ಲಿ ನಿಮಿಷ, ಗಂಟೆ, ದಿನಗಳ ಐದು ಅಂಕಣಗಳನ್ನು ಹೇಗೆ ಬರೆಯಬೇಕೆಂಬ ಪೂರ್ಣ ವಿವರ ಇರುವುದಿಲ್ಲ. ಅದು ಇರುವುದು ‘ಮ್ಯಾನ್ 5 ಕ್ರಾನ್‌ಟ್ಯಾಬ್’ನಲ್ಲಿ. ಈ ಐದನೆಯ ವಿಭಾಗವನ್ನು ತೆರೆದೇ ನೋಡದೆ ವರ್ಷಗಟ್ಟಲೆ ಲಿನಕ್ಸ್ ಬಳಸುವವರಿದ್ದಾರೆ.

ಪ್ರಶ್ನೆ: ಟಿಎಲ್‌ಡಿಆರ್ ಉದಾಹರಣೆಗಳನ್ನು ನಕಲಿಸಿ ನೇರವಾಗಿ ಓಡಿಸುವುದು ಸುರಕ್ಷಿತವೇ? (ವಿಜಯಪುರ)

ಉತ್ತರ: ಓದುವ ಕಮಾಂಡ್‌ಗಳ ಮಟ್ಟಿಗೆ ಹೌದು; ಬರೆಯುವ, ಅಳಿಸುವ ಕಮಾಂಡ್‌ಗಳ ಮಟ್ಟಿಗೆ ಅಲ್ಲ. ಪುಟಗಳನ್ನು ಬರೆಯುವವರು ಎಚ್ಚರಿಕೆಯಿಂದಲೇ ಬರೆಯುತ್ತಾರೆ, ಆದರೆ ನಿಮ್ಮ ಫೋಲ್ಡರ್‌ನಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿಲ್ಲ. ಬ್ಯಾಕಪ್‌ಗೆ ಬಳಸುವ ‘ಆರ್‌ಸಿಂಕ್’ ಕಮಾಂಡನ್ನು ನೋಡಿ. ಫೋಟೋಗಳ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇಲ್ಲದಿದ್ದರೆ ಆ ಫೋಲ್ಡರೇ ಬ್ಯಾಕಪ್‌ನೊಳಗೆ ಹೋಗಿ ಕೂರುತ್ತದೆ. ಓರೆಗೆರೆ ಇದ್ದರೆ ಒಳಗಿರುವ ಫೈಲ್‌ಗಳು ಮಾತ್ರ ಹೋಗುತ್ತವೆ. ಇಷ್ಟಾದರೆ ಕೇವಲ ಅಸ್ತವ್ಯಸ್ತ. ಜೊತೆಗೆ ‘--ಡಿಲೀಟ್’ ಎಂಬ ಆಯ್ಕೆ ಸೇರಿತೆಂದರೆ, ಓರೆಗೆರೆ ಇರುವಾಗ ಬ್ಯಾಕಪ್ ಫೋಲ್ಡರ್‌ನಲ್ಲಿ ಮೊದಲೇ ಇದ್ದ, ಫೋಟೋ ಫೋಲ್ಡರ್‌ನಲ್ಲಿಲ್ಲದ ಎಲ್ಲವೂ ಅಳಿಸಿಹೋಗುತ್ತದೆ. ಮನೆಪತ್ರಗಳ ಸ್ಕ್ಯಾನ್ ಪ್ರತಿಗಳು ಅಲ್ಲಿದ್ದರೆ ಅವೂ ಹೋದವು. ಓರೆಗೆರೆ ಇಲ್ಲದಿದ್ದರೆ ಈ ಅಳಿಸುವಿಕೆ ಬ್ಯಾಕಪ್‌ನೊಳಗಿನ ಫೋಟೋ ಫೋಲ್ಡರಿಗೆ ಸೀಮಿತವಾಗಿರುತ್ತದೆ.

ಆದ್ದರಿಂದ ಮೊದಲ ಸಲ ‘-ಎನ್’ ಮತ್ತು ‘-ವಿ’ ಆಯ್ಕೆಗಳನ್ನು ಸೇರಿಸಿ ಓಡಿಸಿ. ‘-ಎನ್’ ಇದ್ದಾಗ ಆರ್‌ಸಿಂಕ್ ಏನನ್ನೂ ಮುಟ್ಟುವುದಿಲ್ಲ, ಏನು ಮಾಡಲಿದ್ದೇನೆಂದು ಮಾತ್ರ ಪಟ್ಟಿ ಕೊಡುತ್ತದೆ. ಅದರಲ್ಲಿ ‘ಡಿಲೀಟಿಂಗ್’ ಎಂದು ಆರಂಭವಾಗುವ ಸಾಲುಗಳನ್ನು ಒಂದೊಂದಾಗಿ ಓದಿ, ಹೋಗಬಾರದ ಹೆಸರು ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ ‘-ಎನ್’ ತೆಗೆದು ಮತ್ತೆ ಓಡಿಸಿ.